ಸರಕು ಟ್ರೇಲರ್‌ನಿಂದ ಮಾಡಿದ ಕ್ಯಾಂಪರ್: ತೇವ, ಕರೆಂಟು, ತೂಗಾಟದ ದೋಷ ಹುಡುಕುವ ಕ್ರಮ

ಚಿಕ್ಕ ಸರಕು ಟ್ರೇಲರ್‌ಗೆ ಹಾಸಿಗೆ, ಕಿಟಕಿ, ಬ್ಯಾಟರಿ, ಅಡುಗೆ ಕಟ್ಟೆ ಕೂರಿಸಿ ಕ್ಯಾಂಪರ್ ಮಾಡಿಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. ಬೆಳಿಗ್ಗೆ ಎದ್ದರೆ ಗೋಡೆ ಏಕೆ ಒದ್ದೆ? ನಡುರಾತ್ರಿ ಫ್ರಿಜ್ ಏಕೆ ತಾನಾಗಿ ನಿಲ್ಲುತ್ತದೆ? ವೇಗ ಹೆಚ್ಚಿಸಿದರೆ ಟ್ರೇಲರ್ ಹಿಂಭಾಗ ಏಕೆ ಅತ್ತಿತ್ತ ಹೊಯ್ದಾಡುತ್ತದೆ? ಈ ಪೆಟ್ಟಿಗೆ ಕಟ್ಟಿದ್ದು ಸಾಮಾನು ಸಾಗಿಸಲು. ಸಾಮಾನು ಉಸಿರಾಡುವುದಿಲ್ಲ, ಅದಕ್ಕೆ ಕರೆಂಟು ಬೇಡ, ತೂಕ ಸರಿಯಿಲ್ಲದಿದ್ದರೆ ಎತ್ತಿ ಬೇರೆ ಕಡೆ ಇಡಬಹುದು. ಅದರೊಳಗೆ ಮನುಷ್ಯರು ಮಲಗಲು ಶುರುಮಾಡಿದ ಕೂಡಲೇ ಈ ಮೂರೂ ಲೆಕ್ಕ ಬದಲಾಗುತ್ತವೆ.

ದೋಷ ಹುಡುಕುವಾಗ ಒಂದು ಮಾತು ನೆನಪಿರಲಿ: ಲಕ್ಷಣ ಕಾಣುವ ಜಾಗ ಬೇರೆ, ದೋಷ ಇರುವ ಜಾಗ ಬೇರೆ. ಹಾಸಿಗೆಯ ತಲೆಯ ಕಡೆ ತೊಟ್ಟಿಕ್ಕುವ ನೀರು ಛಾವಣಿಯ ಇನ್ನೊಂದು ತುದಿಯಲ್ಲಿ ಒಳಗೆ ಬಂದಿರಬಹುದು. ಸತ್ತಂತೆ ಕಾಣುವ ಬ್ಯಾಟರಿ ಚೆನ್ನಾಗಿಯೇ ಇದ್ದು, ವೈರು ಸಣ್ಣದಾಗಿರಬಹುದು. ಹಾಗಾಗಿ ಸಂದಿ ಮುಚ್ಚುವ ಸೀಲೆಂಟ್ ಟ್ಯೂಬು ಕೈಗೆತ್ತಿಕೊಳ್ಳುವ ಮುಂಚೆ, ಹೊಸ ಬ್ಯಾಟರಿ ತರುವ ಮುಂಚೆ ಅಳತೆ ತೆಗೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಮತ್ತೆ ಕೆಟ್ಟಾಗ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಬೇಕಾಗುವ ಉಪಕರಣಗಳು ಕಡಿಮೆ: ಮಲ್ಟಿಮೀಟರ್, ಒಳಗಿನ ಉಷ್ಣಾಂಶ ಮತ್ತು ತೇವಾಂಶ ತೋರಿಸುವ ಹೈಗ್ರೋಮೀಟರ್, ಎರಡು ಮುಳ್ಳಿನ ಮರದ ತೇವ ಮೀಟರ್, ಇನ್‌ಫ್ರಾರೆಡ್ ಥರ್ಮಾಮೀಟರ್, ಮನೆಯಲ್ಲಿ ನಿಂತು ತೂಕ ನೋಡುವ ಯಂತ್ರ, ಟೈರ್ ಗೇಜ್, ನಟ್ಟನ್ನು ಅಳತೆಯ ಬಲದಿಂದ ಬಿಗಿಯುವ ಟಾರ್ಕ್ ರೆಂಚ್.

ಇವು ಕಂಡರೆ ಮಿಕ್ಕಿದ್ದೆಲ್ಲ ಆಮೇಲೆ

ಎದ್ದಾಗ ತಲೆನೋವು, ವಾಕರಿಕೆ ಇದ್ದು ಹೊರಗಿನ ಗಾಳಿಗೆ ಬಂದ ಮೇಲೆ ಕಡಿಮೆಯಾಗುತ್ತಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂದೇ ತಿಳಿಯಿರಿ. ಒಳಗೆ ಉರಿಯುವ ಸ್ಟೌವ್, ಹೀಟರ್ ಏನೇ ಇದ್ದರೂ ಆರಿಸಿ, ಎಲ್ಲರೂ ಹೊರಬನ್ನಿ, ವೈದ್ಯರಿಗೆ ತೋರಿಸಿ. ಈ ಅನಿಲಕ್ಕೆ ವಾಸನೆಯಿಲ್ಲ. ಹೊಗೆ ಹೊರಗೆ ಹೋಗುವ ಕೊಳವೆಯಿಲ್ಲದ ಹೀಟರ್ ಹಚ್ಚಿಟ್ಟು ಮಲಗುವುದು ಯಾವ ಕಾರಣಕ್ಕೂ ಬೇಡ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವವರ ತಲೆಯ ಎತ್ತರದ ಹತ್ತಿರ ಇರಲಿ. ಅಡುಗೆ ಅನಿಲದ ಅಲಾರಂ ಮಾತ್ರ ನೆಲದ ಹತ್ತಿರವೇ ಇರಬೇಕು, ಏಕೆಂದರೆ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಎರಡನ್ನೂ ಛಾವಣಿಗೆ ಅಂಟಿಸಿರುವ ಟ್ರೇಲರ್‌ಗಳನ್ನು ಕಾಣುತ್ತೇವೆ. ಅಲ್ಲಿ ಅನಿಲದ ಅಲಾರಂ ಇದ್ದೂ ಇಲ್ಲದಂತೆ.

ಎರಡನೆಯದು ಬಾಗಿಲು. ಸರಕು ಟ್ರೇಲರ್‌ನ ಹಿಂಬಾಗಿಲು, ಹಲವು ಸಲ ಪಕ್ಕದ ಬಾಗಿಲೂ, ಹೊರಗಿನ ಕಬ್ಬಿಣದ ಸರಳಿನಿಂದ ಬಿಗಿಯುವಂಥದ್ದು. ಒಳಗಿನಿಂದ ಅದನ್ನು ತೆಗೆಯಲು ಆಗುವುದಿಲ್ಲ. ಒಳಗೆ ಕೂತು ಬಾಗಿಲು ಹಾಕಿಸಿಕೊಂಡು, ಕತ್ತಲಲ್ಲಿ, ಬರಿಗೈಯಲ್ಲಿ ತೆಗೆಯಲು ಆಗುತ್ತದೆಯೇ ನೋಡಿ. ಆಗದಿದ್ದರೆ ಒಳಗಿನಿಂದ ತೆರೆಯುವ ಲಾಕ್ ಹಾಕಿ, ಮತ್ತು ಅಡುಗೆ ಜಾಗದಿಂದ ದೂರದಲ್ಲಿ, ಮನುಷ್ಯ ನುಸುಳುವಷ್ಟು ದೊಡ್ಡ ತೆರೆಯುವ ಕಿಟಕಿಯೊಂದಿರಲಿ. ಇದು ಆಗುವವರೆಗೂ ಅದರಲ್ಲಿ ಯಾರೂ ಮಲಗಬಾರದು.

ಗೋಡೆ ಒದ್ದೆ: ಸೋರಿಕೆಯೋ, ಉಸಿರಿನ ನೀರೋ

ಅತಿ ಹೆಚ್ಚು ತಪ್ಪು ತೀರ್ಮಾನ ಆಗುವುದು ಇಲ್ಲಿಯೇ. ಒದ್ದೆ ಕಂಡ ತಕ್ಷಣ ಛಾವಣಿ ಹತ್ತಿ ಸೀಲೆಂಟ್ ಬಳಿಯುತ್ತಾರೆ; ಮರುದಿನ ಬೆಳಿಗ್ಗೆ ಗೋಡೆ ಮತ್ತೆ ಒದ್ದೆ. ನೀರು ಹೊರಗಿನಿಂದ ಬಂದದ್ದೇ ಅಲ್ಲ.

ಲೆಕ್ಕ ನೋಡಿ. ಅಗಲ 1.8 ಮೀಟರ್, ಉದ್ದ 3 ಮೀಟರ್, ಎತ್ತರ 1.8 ಮೀಟರ್ ಇರುವ ಟ್ರೇಲರ್‌ನ ಒಳಗೆ ಸುಮಾರು 10 ಘನ ಮೀಟರ್ ಗಾಳಿ ಇರುತ್ತದೆ. 20 ಡಿಗ್ರಿಯ ಗಾಳಿ ಪ್ರತಿ ಘನ ಮೀಟರಿಗೆ ಹೆಚ್ಚೆಂದರೆ 17 ಗ್ರಾಂ ನೀರಿನ ಆವಿ ಹಿಡಿದುಕೊಳ್ಳುತ್ತದೆ. ಅಂದರೆ ಇಡೀ ಪೆಟ್ಟಿಗೆಯ ಗಾಳಿಗೆ ಹಿಡಿಯುವುದು 170 ಗ್ರಾಂ, ಒಂದು ಲೋಟದಷ್ಟು. ಮಲಗಿದ ಒಬ್ಬರ ಉಸಿರು ಮತ್ತು ಮೈಯಿಂದ ಗಂಟೆಗೆ ಸುಮಾರು 40 ಗ್ರಾಂ ಆವಿ ಹೊರಬರುತ್ತದೆ, ಇಬ್ಬರಿಂದ 80 ಗ್ರಾಂ. ಮಲಗುವಾಗ ತೇವಾಂಶ ಶೇ. 50 ಇದ್ದರೂ, ಎಲ್ಲ ಮುಚ್ಚಿಟ್ಟರೆ ಸುಮಾರು ಒಂದು ಗಂಟೆಯೊಳಗೆ ಗಾಳಿ ಆವಿಯಿಂದ ತುಂಬಿಹೋಯಿತು. ಆಮೇಲೆ ಬರುವುದೆಲ್ಲ ತಣ್ಣಗಿನ ತಗಡಿನ ಮೇಲೆ ನೀರಾಗಿ ಕೂರಲೇಬೇಕು. ಒಳಗೆ ಅಡುಗೆ ಮಾಡಿದರೆ ಕೇಳುವುದೇ ಬೇಡ: ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಿನ ಆವಿ ಹುಟ್ಟುತ್ತದೆ, ಪಾತ್ರೆಯಿಂದ ಏಳುವ ಹಬೆ ಬೇರೆ.

ಸೋರಿಕೆಯೋ ಇದೋ ಎಂದು ತಿಳಿಯಲು ಮೊದಲು ಒದ್ದೆಯ ಆಕಾರ ನೋಡಿ. 40 ಅಥವಾ 60 ಸೆಂಟಿಮೀಟರ್‌ಗೊಂದರಂತೆ ಸಮ ಅಂತರದಲ್ಲಿ ನೆಟ್ಟಗಿನ ಒದ್ದೆ ಪಟ್ಟಿಗಳು ಕಂಡರೆ, ಅವು ಗೋಡೆಯ ಹಿಂದಿನ ಕಬ್ಬಿಣದ ಪಕ್ಕೆಗಳು. ಪಕ್ಕೆ ಹೊರಗಿನ ಚಳಿಯನ್ನು ನೇರ ಒಳಗೆ ತರುತ್ತದೆ, ಆವಿ ಅಲ್ಲೇ ನೀರಾಗುತ್ತದೆ. ಸ್ಕ್ರೂ ತಲೆಗಳ ಮೇಲೆ ಮಣಿಯಂತೆ ಕೂತ ಹನಿಗಳಿಗೂ ಕಾರಣ ಇದೇ. ಒಂದು ಮೂಲೆಯಲ್ಲಿ, ಒಂದು ಬದಿಯಲ್ಲಿ ಮಾತ್ರ, ಕಂದು ಗೆರೆ ಎಳೆದಂತೆ ಕಲೆಯಿದ್ದರೆ ಸೋರಿಕೆಯ ಗುಮಾನಿ ಇಡಿ. ಮಳೆಯಿಲ್ಲದ ಚಳಿರಾತ್ರಿ ಒದ್ದೆಯಾದರೆ ಉಸಿರು. ಖಾಲಿ ನಿಂತ ಟ್ರೇಲರ್ ಮಳೆಯ ಮರುದಿನ ಒದ್ದೆಯಿದ್ದರೆ ಸೋರಿಕೆ.

ಇನ್ನೂ ಅನುಮಾನವಿದ್ದರೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿ. ಒದ್ದೆಯಾಗುವ ಜಾಗವನ್ನು ಚೆನ್ನಾಗಿ ಒಣಗಿಸಿ, 30 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಾಕಿ ಅಂಟಿಸಿ. ಒಂದು ರಾತ್ರಿ ಒಳಗೆ ಮಲಗಿ. ಬೆಳಿಗ್ಗೆ ನೀರು ಹಾಳೆಯ ನಮ್ಮ ಕಡೆಗಿದ್ದರೆ ಅದು ಒಳಗಿನ ಗಾಳಿಯದು. ಹಾಳೆಯ ಹಿಂದೆ, ಗೋಡೆಯ ಕಡೆಗಿದ್ದರೆ ಗೋಡೆಯೊಳಗೆ ನೀರು ಸೇರಿದೆ.

ಪಕ್ಕೆ ಎಷ್ಟು ತಣ್ಣಗಿದೆ ಎಂದು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಬಹುದು. ಆದರೆ ಹೊಳೆಯುವ ಲೋಹದ ಮೇಲೆ ನೇರ ಹಿಡಿದರೆ ಅದು ತಪ್ಪು ಸಂಖ್ಯೆ ತೋರಿಸುತ್ತದೆ. ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಐದು ನಿಮಿಷ ಬಿಟ್ಟು, ಟೇಪಿಗೆ ಗುರಿ ಹಿಡಿಯಿರಿ. ಒಳಗೆ 20 ಡಿಗ್ರಿ, ತೇವಾಂಶ ಶೇ. 60 ಇದ್ದರೆ ಇಬ್ಬನಿ ಕಟ್ಟುವ ಉಷ್ಣಾಂಶ ಸುಮಾರು 12 ಡಿಗ್ರಿ, ಶೇ. 80 ಇದ್ದರೆ 16 ಡಿಗ್ರಿ ದಾಟುತ್ತದೆ. ಪಕ್ಕೆ 9 ಡಿಗ್ರಿ ತೋರಿಸಿದರೆ ಯಾವ ಸೀಲೆಂಟೂ ಸಹಾಯಕ್ಕೆ ಬರುವುದಿಲ್ಲ.

ಪರಿಹಾರಕ್ಕೆ ಎರಡು ದಾರಿ, ಎರಡೂ ಒಟ್ಟಿಗೆ ಬೇಕು. ಮೊದಲನೆಯದು ಗಾಳಿ. ಹೊರಗೆ 5 ಡಿಗ್ರಿ ಚಳಿಯಿದ್ದು ಮಂಜು ಮುಸುಕಿದ್ದರೂ ಆ ಗಾಳಿಯಲ್ಲಿ ಘನ ಮೀಟರಿಗೆ 7 ಗ್ರಾಂಗಿಂತ ಹೆಚ್ಚು ನೀರಿರುವುದಿಲ್ಲ. ಅದೇ ಗಾಳಿ ಒಳಗೆ 20 ಡಿಗ್ರಿಗೆ ಬಂದರೆ ತೇವಾಂಶ ಶೇ. 40ಕ್ಕೆ ಇಳಿಯುತ್ತದೆ. ಹಾಗಾಗಿ "ಹೊರಗೆ ತೇವ ಇದೆ, ಕಿಟಕಿ ಮುಚ್ಚೋಣ" ಎನ್ನುವುದು ಚಳಿಯಲ್ಲಿ ತಲೆಕೆಳಗಾದ ಮಾತು. ಇಬ್ಬರ ಆವಿಯನ್ನು ಹೊರಹಾಕಲು ಅಂಥ ರಾತ್ರಿ ಗಂಟೆಗೆ ಸುಮಾರು 15 ಘನ ಮೀಟರ್ ಗಾಳಿ ಬದಲಾದರೆ ಸಾಕು. ಛಾವಣಿ ಫ್ಯಾನಿನ ಅತಿ ಕಡಿಮೆ ವೇಗವೇ ಇದಕ್ಕಿಂತ ಹೆಚ್ಚು. ಆದರೆ ಗಾಳಿ ಒಳಬರುವ ದಾರಿಯೂ ಇರಬೇಕು. ಮೇಲೆ ಫ್ಯಾನ್ ಮಾತ್ರ ಇದ್ದು ಕೆಳಗೆ ಕಿಂಡಿಯಿಲ್ಲದಿದ್ದರೆ ಫ್ಯಾನ್ ಸುತ್ತುತ್ತದೆ, ಗಾಳಿ ಸರಿಯುವುದಿಲ್ಲ. ಫ್ಯಾನಿನಿಂದ ದೂರದ ಗೋಡೆಯಲ್ಲಿ, ನೆಲದಿಂದ ಸ್ವಲ್ಪ ಮೇಲೆ, ಕೀಟ ಬಾರದ ಜಾಲರಿ ಹಾಕಿದ ಕಿಂಡಿ ಇಡಿ.

ಎರಡನೆಯದು ಪಕ್ಕೆಗಳನ್ನು ಮುಚ್ಚುವುದು. ಪಕ್ಕೆಗಳ ನಡುವೆ 25 ಅಥವಾ 38 ಮಿ.ಮೀ. ಫೋಮ್ ಹಲಗೆ ತುಂಬಿ, ಪಕ್ಕೆಗೆ ನೇರ ಪ್ಲೈವುಡ್ ಬಡಿದರೆ ಚಳಿಯ ದಾರಿ ತೆರೆದೇ ಉಳಿಯಿತು. ಪಕ್ಕೆಯ ಮುಖದ ಮೇಲೆ 6ರಿಂದ 12 ಮಿ.ಮೀ. ದಪ್ಪದ ಫೋಮ್ ಪಟ್ಟಿ ಅಂಟಿಸಿ ಅದರ ಮೇಲೆ ಪ್ಲೈವುಡ್ ಕೂರಿಸಿ. ಹಲಗೆಯ ಅಂಚುಗಳಿಗೆ ಫಾಯಿಲ್ ಟೇಪ್ ಹಾಕಿ ಮುಚ್ಚಿ. ಸಂದಿ ಬಿಟ್ಟರೆ ಒಳಗಿನ ಬಿಸಿ ಗಾಳಿ ಹಿಂದಕ್ಕೆ ನುಸುಳಿ, ಕಣ್ಣಿಗೆ ಕಾಣದಂತೆ ತಗಡಿನ ಮೇಲೆ ನೀರಾಗುತ್ತದೆ. ಗಾಜಿನ ಉಣ್ಣೆ ಇಲ್ಲಿಗೆ ಸೂಕ್ತವಲ್ಲ. ಅದು ನೀರು ಕುಡಿದು ಕುಸಿಯುತ್ತದೆ, ಒಣಗುವುದೇ ಇಲ್ಲ.

ಹಾಸಿಗೆಯ ಅಡಿ ಒದ್ದೆಯಾಗುವುದೂ ಇದೇ ಕಥೆ. ಮೈಯ ಆವಿ ಹಾಸಿಗೆ ದಾಟಿ ಕೆಳಗಿನ ತಣ್ಣನೆಯ ಪ್ಲೈವುಡ್ ಮೇಲೆ ನಿಲ್ಲುತ್ತದೆ. ಹಲಗೆಯ ಬದಲು ಮರದ ಪಟ್ಟಿಗಳನ್ನು ಸಂದಿ ಬಿಟ್ಟು ಜೋಡಿಸಿ, ಗಾಳಿಯಾಡಲಿ.

ನಿಜವಾಗಿ ಸೋರುತ್ತಿದ್ದರೆ

ಮರದ ತೇವ ಮೀಟರನ್ನು ನೆಲದ ಪ್ಲೈವುಡ್ ಮೇಲೆ, ಗೋಡೆಯ ಬುಡದುದ್ದಕ್ಕೂ 20 ಸೆಂ.ಮೀ.ಗೊಂದು ಸಲ ಚುಚ್ಚಿ, ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಅಲ್ಲೇ ಬರೆಯುತ್ತಾ ಹೋಗಿ. ಶೇ. 15ರ ಒಳಗಿದ್ದರೆ ಒಣಗಿದೆ. 20 ದಾಟಿದರೆ ಕೊಳೆಯುವ ಅಪಾಯವಿದೆ. ಸಂಖ್ಯೆಗಳು ಯಾವ ಕಡೆಗೆ ಏರುತ್ತವೆಯೋ ಆ ಕಡೆಗೆ ಹುಡುಕಾಟ.

ನೀರು ಹಾಯಿಸಿ ಪರೀಕ್ಷಿಸಲು ಇಬ್ಬರು ಬೇಕು, ಒಬ್ಬರು ಒಳಗೆ ಟಾರ್ಚ್ ಹಿಡಿದು. ಒಳಗಿನ ಹಲಗೆ ಒಂದೆರಡಾದರೂ ಬಿಚ್ಚಿರಲಿ.

1. ಪೈಪಿನ ನೀರು ಮೆಲ್ಲಗೆ ಹರಿಯಲಿ, ರಭಸದ ಯಂತ್ರ ಬೇಡ. ಅದು ಚೆನ್ನಾಗಿರುವ ಕಡೆಯಲ್ಲೂ ನೀರು ನುಗ್ಗಿಸಿ ದಾರಿ ತಪ್ಪಿಸುತ್ತದೆ.
2. ಕೆಳಗಿನಿಂದ ಶುರು: ಚಕ್ರದ ಗೂಡು, ಬಾಗಿಲಿನ ಕೆಳ ಅಂಚು, ಆಮೇಲೆ ಕಿಟಕಿ, ಆಮೇಲೆ ಗೋಡೆ-ಛಾವಣಿ ಕೂಡುವ ಅಂಚು, ಕೊನೆಗೆ ಛಾವಣಿ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.
3. ಪ್ರತಿ ಜಾಗಕ್ಕೂ ಹತ್ತು ನಿಮಿಷ. ನೀರು ಒಳಗೆ ತಲುಪಲು ಸಮಯ ಬೇಕು.
4. ಒಳಗಿನವರು ಹನಿ ಕಂಡ ಕೂಡಲೇ ನಿಲ್ಲಿಸಿ, ಗುರುತು ಹಾಕಿ, ಒಣಗಿಸಿ, ಅದೇ ಜಾಗಕ್ಕೆ ಮತ್ತೊಮ್ಮೆ ಹಾಯಿಸಿ ಖಚಿತ ಮಾಡಿಕೊಳ್ಳಿ.

ಮೊದಲು ಅನುಮಾನಿಸಬೇಕಾದ್ದು ಮುಂದೆ ಮತ್ತು ಹಿಂದೆ ಮೇಲ್ಗಡೆ ಇರುವ ಸಣ್ಣ ಗುರುತಿನ ದೀಪಗಳನ್ನು. ಅವುಗಳ ವೈರಿನ ತೂತು ಮುಚ್ಚದೇ ಬಿಟ್ಟಿರುವುದು ಸಾಮಾನ್ಯ. ಓಡುವಾಗ ಮುಂದಿನ ದೀಪಕ್ಕೆ ಮಳೆ ಗಾಳಿಯೊಂದಿಗೆ ಅಪ್ಪಳಿಸುತ್ತದೆ. ನಿಂತಾಗ ಸೋರದೆ ಓಡುವಾಗ ಮಾತ್ರ ಒದ್ದೆಯಾಗುವ ಟ್ರೇಲರ್‌ನಲ್ಲಿ ಇದನ್ನೂ ಚಕ್ರದ ಗೂಡನ್ನೂ ನೋಡಿ. ಚಕ್ರ ಎರಚುವ ನೀರು ಗೂಡು ಮತ್ತು ನೆಲದ ಹಲಗೆ ಕೂಡುವ ಗೆರೆಯಿಂದ ಮೇಲೆ ಹತ್ತುತ್ತದೆ.

ನೀವೇ ಕತ್ತರಿಸಿದ ಛಾವಣಿ ಕಿಂಡಿ ಸೋರುತ್ತಿದ್ದರೆ, ಮಳೆ ನಿಂತ ಮೇಲೆ ಅದರ ಸುತ್ತ ನೀರು ನಿಂತಿದೆಯೇ ನೋಡಿ. ನಿಂತಿದ್ದರೆ ಕಿಂಡಿಯ ಕೆಳಗೆ ಚೌಕಟ್ಟಿಲ್ಲ, ತಗಡು ತಗ್ಗಿದೆ. ಎರಡು ಅಡ್ಡಪಟ್ಟಿಗಳ ನಡುವೆ ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು ಕೂರಿಸಿ ತಗಡನ್ನು ಮೇಲಕ್ಕೆತ್ತಿದ ಮೇಲೆಯೇ ಸೀಲೆಂಟಿನ ಮಾತು. ಕಿಂಡಿಯ ಅಂಚಿನ ಕೆಳಗೆ ಬ್ಯೂಟೈಲ್ ಟೇಪ್ (ಮೆತ್ತಗಿನ ಅಂಟು ರಬ್ಬರ್ ಪಟ್ಟಿ), ಅಂಚಿನ ಮೇಲೂ ಸ್ಕ್ರೂ ತಲೆಗಳ ಮೇಲೂ ತಾನೇ ಹರಡಿಕೊಳ್ಳುವ ಛಾವಣಿ ಸೀಲೆಂಟ್. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಬ್ಯೂಟೈಲ್ ಸುತ್ತಲೂ ಒಂದೇ ಸಮ ಹಿಸುಕಿ ಹೊರಬರಬೇಕು. ಮರುದಿನ ಮತ್ತೊಮ್ಮೆ ಬಿಗಿಯಿರಿ, ಅದು ನಿಧಾನವಾಗಿ ಒತ್ತಿಕೊಳ್ಳುವ ವಸ್ತು. ಸಾಮಾನ್ಯ ಸಿಲಿಕೋನ್ ಛಾವಣಿಗೆ ಬೇಡ. ಅದು ಬಿಟ್ಟುಕೊಂಡ ಮೇಲೆ ಅದರ ಜಿಡ್ಡಿನ ಮೇಲೆ ಬೇರೆ ಯಾವ ಸೀಲೆಂಟೂ ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಕೂರುವುದಿಲ್ಲ. ಮೊದಲೇ ಹಾಕಿದ್ದರೆ ಪ್ಲಾಸ್ಟಿಕ್ ಚೂರಿಯಿಂದ ಪೂರ್ತಿ ಕೆರೆದು, ಸಿಲಿಕೋನ್ ತೆಗೆಯುವ ದ್ರಾವಣದಿಂದ ಒರೆಸಿಯೇ ಮುಂದುವರಿಯಿರಿ.

ಫ್ರಿಜ್ ನಡುರಾತ್ರಿ ನಿಲ್ಲುತ್ತದೆ

12 ವೋಲ್ಟ್ ಕಂಪ್ರೆಸರ್ ಫ್ರಿಜ್‌ನಲ್ಲಿ ಬ್ಯಾಟರಿ ಪೂರ್ತಿ ಬರಿದಾಗದಂತೆ ತಡೆಯುವ ರಕ್ಷಣೆ ಇರುತ್ತದೆ. ಅದು ನೋಡುವುದು ಬ್ಯಾಟರಿಯ ವೋಲ್ಟೇಜನ್ನಲ್ಲ, ತನ್ನ ಪ್ಲಗ್ಗಿಗೆ ಬಂದು ಮುಟ್ಟಿದ ವೋಲ್ಟೇಜನ್ನು.

ಬ್ಯಾಟರಿಯಿಂದ ಫ್ರಿಜ್‌ಗೆ 6 ಮೀಟರ್ ವೈರು ಎಂದಿಟ್ಟುಕೊಳ್ಳಿ. ಕರೆಂಟು ಹೋಗಿ ಬರಬೇಕಾದ್ದರಿಂದ ಒಟ್ಟು 12 ಮೀಟರ್. ವೈರು 1.5 ಚದರ ಮಿ.ಮೀ. ಇದ್ದರೆ ಅದರ ರೋಧ ಸುಮಾರು 0.14 ಓಮ್. ಫ್ರಿಜ್ 5 ಆಂಪ್ ಎಳೆದಾಗ 0.7 ವೋಲ್ಟ್ ವೈರಿನಲ್ಲೇ ಕಳೆಯಿತು. ಬ್ಯಾಟರಿಯಲ್ಲಿ 12.0 ಇದ್ದರೆ ಫ್ರಿಜ್‌ಗೆ ಸಿಗುವುದು 11.3. ರಕ್ಷಣೆಯ ಮಟ್ಟವನ್ನು ಮೇಲಕ್ಕೆ ಇಟ್ಟಿದ್ದರೆ ಅದು ನಿಂತೇ ಹೋಗುತ್ತದೆ. ನಿಂತ ಕೂಡಲೇ ಕರೆಂಟು ಎಳೆಯುವುದಿಲ್ಲ, ವೋಲ್ಟೇಜ್ ಮತ್ತೆ 12 ತೋರಿಸುತ್ತದೆ. ಮೀಟರ್ ಹಿಡಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಅದೇ ಜಾಗಕ್ಕೆ 4 ಚದರ ಮಿ.ಮೀ. ವೈರು ಹಾಕಿದರೆ ನಷ್ಟ 0.26 ವೋಲ್ಟ್, 6 ಹಾಕಿದರೆ 0.18. ಒಟ್ಟು ನಷ್ಟ 0.36 ವೋಲ್ಟ್ ಒಳಗಿರಲಿ, ಅಂದರೆ ಶೇ. 3.

ಆದ್ದರಿಂದ ಅಳೆಯಬೇಕಾದ್ದು ಫ್ರಿಜ್ ಓಡುತ್ತಿರುವಾಗಲೇ. ಮೀಟರಿನ ಒಂದು ಮೊನೆ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಫ್ರಿಜ್‌ನ ಪ್ಲಸ್ ತುದಿಯಲ್ಲಿ ಇಡಿ. ಬರುವ ಸಂಖ್ಯೆಯೇ ಪ್ಲಸ್ ದಾರಿಯ ನಷ್ಟ. ಹಾಗೆಯೇ ಮೈನಸ್ ದಾರಿ. ಒಂದು ದಾರಿಯ ನಷ್ಟ ಇನ್ನೊಂದಕ್ಕಿಂತ ಎಷ್ಟೋ ಹೆಚ್ಚಿದ್ದರೆ ವೈರಿನ ದಪ್ಪದ ತೊಂದರೆಯಲ್ಲ, ಆ ದಾರಿಯಲ್ಲಿ ಎಲ್ಲೋ ಜೋಡಣೆ ಸಡಿಲ. ಮೊನೆಯನ್ನು ಫ್ಯೂಸಿನ ಎರಡು ಬದಿ, ಸ್ವಿಚ್ಚಿನ ಎರಡು ಬದಿ, ಪ್ರತಿ ಲಗ್ಗಿನ (ವೈರಿನ ತುದಿಗೆ ಹಾಕುವ ಲೋಹದ ಉಂಗುರ) ಎರಡು ಬದಿ ಹೀಗೆ ಸರಿಸುತ್ತಾ ಹೋದರೆ ನಷ್ಟ ಒಂದೇ ಜಾಗದಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಸಿಗುವವರು ಇವರು: ಇಕ್ಕಳದಿಂದ ಹಿಸುಕಿದ ಲಗ್, ಕಾರಿನ ಸಿಗರೇಟ್ ಲೈಟರ್ ಮಾದರಿಯ ಸಾಕೆಟ್, ಬಣ್ಣದ ಮೇಲೆಯೇ ಬೋಲ್ಟ್ ಹಾಕಿದ ಅರ್ತ್ (ಟ್ರೇಲರ್‌ನ ಲೋಹದ ಚೌಕಟ್ಟಿಗೆ, ಅಂದರೆ ಚಾಸಿಗೆ, ಜೋಡಿಸುವ ಮೈನಸ್). ಅರ್ತ್ ಹಾಕುವಲ್ಲಿ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ನಕ್ಷತ್ರ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲೆ ಬಣ್ಣ ಬಳಿಯಿರಿ. ಫ್ರಿಜ್‌ಗೆ ಚಾಸಿ ನಂಬದೆ ಬ್ಯಾಟರಿಯಿಂದಲೇ ಪ್ರತ್ಯೇಕ ಮೈನಸ್ ವೈರು ತರುವುದು ಒಳ್ಳೆಯದು.

ವೈರು ಸರಿಯಿದ್ದರೆ ಆಗ ಬ್ಯಾಟರಿ. ಚಾರ್ಜ್ ಮತ್ತು ಬಳಕೆ ಎರಡನ್ನೂ ನಿಲ್ಲಿಸಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. ಲೆಡ್ ಆ್ಯಸಿಡ್ ಬ್ಯಾಟರಿ ತುಂಬಿದಾಗ 12.7, ಅರ್ಧಕ್ಕೆ 12.2, ಕಾಲು ಭಾಗಕ್ಕೆ 12.0 ತೋರಿಸುತ್ತದೆ. ಪ್ರತಿ ರಾತ್ರಿ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜ್ ಬಹುಪಾಲು 13ರ ಆಸುಪಾಸಿನಲ್ಲೇ ಇರುವುದರಿಂದ ವೋಲ್ಟೇಜ್ ನೋಡಿ ಎಷ್ಟಿದೆ ಎಂದು ಹೇಳಲಾಗದು. ಒಳಹೋಗುವ, ಹೊರಬರುವ ಕರೆಂಟನ್ನು ಅಳೆಯುವ ಶಂಟ್ ಇರುವ ಮಾನಿಟರ್ ಬೇಕು. ಇಂಥ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಚಳಿರಾತ್ರಿಯ ನಂತರ ಬೆಳಿಗ್ಗೆ ಸೋಲಾರ್ ಚಾರ್ಜ್ ಆಗುತ್ತಿಲ್ಲ ಎಂದರೆ ಹಲವು ಸಲ ಅದು ದೋಷವಲ್ಲ, ಬ್ಯಾಟರಿಯೊಳಗಿನ ರಕ್ಷಣೆ ತನ್ನ ಕೆಲಸ ಮಾಡುತ್ತಿದೆ.

ಏನೂ ಬಳಸದಿದ್ದರೂ ಬ್ಯಾಟರಿ ಇಳಿಯುತ್ತಿದ್ದರೆ ಇನ್ವರ್ಟರ್ ನೋಡಿ. ಸುಮ್ಮನೆ ಆನ್ ಇದ್ದರೂ ದೊಡ್ಡ ಇನ್ವರ್ಟರ್ 1 ಆಂಪ್‌ವರೆಗೂ ಎಳೆಯುತ್ತದೆ. ದಿನಕ್ಕೆ 24 ಆಂಪ್-ಅವರ್, ಅಂದರೆ 100 ಆಂಪ್-ಅವರ್ ಲೆಡ್ ಬ್ಯಾಟರಿಯ ಬಳಸಬಹುದಾದ ಅರ್ಧ ಭಾಗ ಎರಡು ದಿನದಲ್ಲಿ ಖಾಲಿ.

ಎಳೆಯುವ ವಾಹನದಿಂದ ಚಾರ್ಜ್ ಸಾಲದಿದ್ದರೆ, ಇಂಜಿನ್ ಓಡುವಾಗ ಟ್ರೇಲರ್ ಬ್ಯಾಟರಿಯ ಮೇಲೆ ಅಳೆಯಿರಿ. 13 ದಾಟದಿದ್ದರೆ ತೆಳು ವೈರಿನ ನಷ್ಟವೋ, ಇಂಧನ ಉಳಿಸಲು ಆಲ್ಟರ್ನೇಟರ್ ವೋಲ್ಟೇಜನ್ನು ತಾನೇ ತಗ್ಗಿಸುವ ಹೊಸ ವಾಹನವೋ ಇರುತ್ತದೆ. ಎರಡಕ್ಕೂ ಟ್ರೇಲರ್ ಬ್ಯಾಟರಿಯ ಪಕ್ಕದಲ್ಲಿ ಬಂದ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕುವುದೇ ಮದ್ದು. ಲೆಡ್ ಬ್ಯಾಟರಿ ಪೂರ್ತಿ ತುಂಬಲು 14.4 ವೋಲ್ಟ್ ಆಸುಪಾಸು ಬೇಕು.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ. ಫ್ಯೂಸ್ ಇರುವುದು ವೈರನ್ನು ಕಾಯಲು. 1.5 ಚದರ ಮಿ.ಮೀ.ಗೆ 10 ಆಂಪ್, 2.5ಕ್ಕೆ 20, 4ಕ್ಕೆ 30, ಇದಕ್ಕಿಂತ ಮೇಲೆ ಹೋಗಬೇಡಿ. ಮುಖ್ಯ ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ 20 ಸೆಂ.ಮೀ. ಒಳಗೆ ಇರಲಿ, ಏಕೆಂದರೆ ಫ್ಯೂಸಿಗಿಂತ ಮುಂಚಿನ ವೈರಿಗೆ ಕಾವಲೇ ಇಲ್ಲ. ಟ್ರೇಲರ್ ಓಡುವಾಗ ಮಾತ್ರ ಫ್ಯೂಸ್ ಹೋಗುತ್ತದೆ ಎಂದರೆ ವೈರು ಪಕ್ಕೆಯ ತೂತಿನ ಚೂಪು ಅಂಚಿಗೆ ಉಜ್ಜುತ್ತಿದೆ. ತೂತುಗಳಿಗೆಲ್ಲ ಅಂಚು ಮುಚ್ಚುವ ರಬ್ಬರ್ ಬಳೆ (ಗ್ರಾಮೆಟ್) ಬೇಕು. ಪ್ಲೈವುಡ್ ಬಡಿದ ಸ್ಕ್ರೂ ವೈರಿಗೆ ತಗುಲಿರುವುದೂ ಉಂಟು. ಆ ಗೋಡೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ.

ಬ್ರೇಕ್ ಒತ್ತಿದರೆ ತಿರುವಿನ ದೀಪ ಮಂಕಾಗಿ ಮಿಣುಕುವುದು, ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚಾಗಿ ಉರಿಯುವುದು ಅರ್ತ್ ದೋಷ. ಟ್ರೇಲರ್ ಚಾಸಿಯಿಂದ ಎಳೆಯುವ ವಾಹನದ ಬ್ಯಾಟರಿ ಮೈನಸ್‌ಗೆ ತಾತ್ಕಾಲಿಕ ಜಂಪರ್ ವೈರು ಹಾಕಿ. ಸರಿಹೋದರೆ ಪ್ಲಗ್ಗಿನ ಬಿಳಿ ವೈರು ಅಥವಾ ಅದರ ಬೋಲ್ಟ್ ಹೋಗಿದೆ. ಬಿಳಿ ವೈರು ಅರ್ತ್ ಎನ್ನುವುದು ಸಾಮಾನ್ಯ ಪದ್ಧತಿ, ಆದರೂ ನಿಮ್ಮ ಪ್ಲಗ್ಗಿನ ನಕ್ಷೆ ನೋಡಿ ಖಚಿತಪಡಿಸಿಕೊಳ್ಳಿ.

ಟ್ರೇಲರ್ ತೂಗಾಡುತ್ತದೆ

ತೂಗಾಟ ಶುರುವಾದಾಗ ವಾಹನದ ಬ್ರೇಕ್ ಒತ್ತಬೇಡಿ, ವೇಗ ಹೆಚ್ಚಿಸಿ ಪಾರಾಗಲೂ ನೋಡಬೇಡಿ. ಸ್ಟೀರಿಂಗ್ ನೇರ ಹಿಡಿದು ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಟ್ರೇಲರ್‌ಗೆ ಕೈಯಿಂದ ಹಾಕುವ ವಿದ್ಯುತ್ ಬ್ರೇಕ್ ಇದ್ದರೆ ಅದನ್ನು ಮಾತ್ರ ಮೆಲ್ಲಗೆ ಹಾಕಿ. ನಿಂತ ಮೇಲೆ ಕಾರಣ ಹುಡುಕಿ. "ನಿಧಾನ ಹೋದರಾಯಿತು" ಎಂದು ಬಿಡಬೇಡಿ.

ಕಾರಣ ಬಹುತೇಕ ಮೂಗಿನ ಭಾರ, ಅಂದರೆ ಟ್ರೇಲರ್‌ನ ಮುಂತುದಿಯ ಹಿಡಿ (ಕಪ್ಲರ್) ಎಳೆಯುವ ವಾಹನದ ಕೊಕ್ಕೆಯ ಗುಂಡಿನ ಮೇಲೆ ಒತ್ತುವ ತೂಕ. ಸಾಮಾನ್ಯ ನಿಯಮ ಒಟ್ಟು ತೂಕದ ಶೇ. 10ರಿಂದ 15, ಜೊತೆಗೆ ವಾಹನ ಮತ್ತು ಗುಂಡಿನ ಮೇಲೆ ಬರೆದ ಮಿತಿ ಮೀರಬಾರದು. 1,000 ಕೆ.ಜಿ. ಟ್ರೇಲರ್‌ಗೆ 100ರಿಂದ 150 ಕೆ.ಜಿ. ಇರಬೇಕು. ಮನೆಯ ತೂಕದ ಯಂತ್ರ ಅಷ್ಟು ತಡೆಯದಿದ್ದರೆ ಹಲಗೆಯ ಉಪಾಯವಿದೆ. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲಿನ ಸಣ್ಣ ಕೊಳವೆಯ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲಿಟ್ಟ ಕೊಳವೆಯ ಮೇಲೆ, ನಡುವೆ 90 ಸೆಂ.ಮೀ. ಇರಲಿ. ಬರಿ ಹಲಗೆಯ ತೂಕ ಮೊದಲು ಬರೆದುಕೊಳ್ಳಿ. ಇಟ್ಟಿಗೆಯಿಂದ 30 ಸೆಂ.ಮೀ. ದೂರದಲ್ಲಿ ಹಲಗೆಯ ಮೇಲೆ ಟ್ರೇಲರ್ ಮೂಗನ್ನು ಇಳಿಸಿ. ಹೆಚ್ಚಾದ ತೂಕವನ್ನು 3ರಿಂದ ಗುಣಿಸಿದರೆ ಮೂಗಿನ ಭಾರ. ಟ್ರೇಲರ್ ಸಮತಟ್ಟಾಗಿ ನಿಂತಿರಬೇಕು, ಚಕ್ರಗಳಿಗೆ ಅಡ್ಡಗಟ್ಟೆ ಇರಬೇಕು, ಒಳಗೆ ಪ್ರಯಾಣದ ಸಾಮಾನೆಲ್ಲ ಇರಬೇಕು.

ನೀರಿನ ಟ್ಯಾಂಕು ಇಲ್ಲಿ ಆಟ ಆಡಿಸುತ್ತದೆ. ಗುಂಡಿನಿಂದ ಆಕ್ಸಲ್‌ಗೆ 3 ಮೀಟರ್ ಇದ್ದು, 40 ಲೀಟರ್ ಟ್ಯಾಂಕು ಆಕ್ಸಲ್‌ನ 1.2 ಮೀಟರ್ ಹಿಂದೆ ಇದ್ದರೆ, ತುಂಬಿಸಿದಾಗ ಮೂಗಿನ ಭಾರ 40 × 1.2 ÷ 3, ಅಂದರೆ 16 ಕೆ.ಜಿ. ಕಡಿಮೆಯಾಗುತ್ತದೆ. ಹಿಂಬಾಗಿಲಿನ ಹತ್ತಿರ ಅಡುಗೆ ಕಟ್ಟೆ, ಬಾಗಿಲಿಗೆ ನೇತುಹಾಕಿದ ಸೈಕಲ್ ಸೇರಿದರೆ ಮೂಗು ಹಗುರಾಗಿಯೇ ಹಗುರ. ಹೋಗುವಾಗ ತೂಗಾಟ, ಬರುವಾಗ ಇಲ್ಲ ಎಂದು ಹೇಳುವವರ ಟ್ಯಾಂಕು ಹೆಚ್ಚಾಗಿ ಆಕ್ಸಲ್‌ನ ಹಿಂದಿರುತ್ತದೆ. ಟ್ಯಾಂಕಿಗೆ ಆಕ್ಸಲ್‌ನ ಮೇಲೆಯೇ ಜಾಗ, ಬ್ಯಾಟರಿಗೆ ಅದರ ಮುಂದೆ. ಭಾರ ಸರಿಯಿದ್ದೂ ತೂಗಿದರೆ ಮೂಗು ಮೇಲಕ್ಕೆ ಎದ್ದಿದೆಯೇ, ಟೈರ್ ಗಾಳಿ ಕಡಿಮೆಯೇ ನೋಡಿ.

ಟೈರು, ಹಬ್ಬು

ಮೊದಲ 80ರಿಂದ 100 ಕಿ.ಮೀ. ಆದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಿರಿ. ಪ್ರತಿ ನಿಲುಗಡೆಯಲ್ಲೂ ಎರಡೂ ಹಬ್‌ಗಳ (ಬೇರಿಂಗ್ ಇರುವ ಚಕ್ರದ ನಡುಭಾಗ) ಉಷ್ಣಾಂಶ ಅಳೆದು ಹೋಲಿಸಿ. ಒಂದು ಹಬ್ ಇನ್ನೊಂದಕ್ಕಿಂತ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಬೇರಿಂಗ್ ಅತಿ ಬಿಗಿ, ಗ್ರೀಸ್ ಒಣಗಿರುವುದು, ಅಥವಾ ಬ್ರೇಕ್ ಅಂಟಿಕೊಂಡಿರುವುದು. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲಟಕ್ ಎಂದರೆ ಬೇರಿಂಗ್ ಸಡಿಲ. ಸುತ್ತಿಸಿದಾಗ ಮರಳು ಅರೆದ ಸದ್ದು ಬಂದರೆ ಗ್ರೀಸ್ ತುಂಬಿ ಉಪಯೋಗವಿಲ್ಲ, ಬೇರಿಂಗನ್ನೂ ಅದರ ಹೊರ ಉಂಗುರವನ್ನೂ ಜೊತೆಯಾಗಿ ಬದಲಿಸಿ.

ಟೈರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಹೆಚ್ಚು, ಒಂದೇ ಅಂಚು ಸವೆದಿದ್ದರೆ ಆಕ್ಸಲ್ ಬಾಗಿದೆ ಅಥವಾ ತೂಕ ಮೀರಿದೆ. ನಿಂತೇ ಇರುವ ಟ್ರೇಲರ್‌ನ ಟೈರು ಸವೆಯುವ ಮುಂಚೆ ವಯಸ್ಸಾಗಿ ಸಾಯುತ್ತದೆ. ಪಕ್ಕದಲ್ಲಿ ಅಚ್ಚೊತ್ತಿದ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 3521 ಎಂದರೆ 2021ರ 35ನೇ ವಾರ. ಆರು ವರ್ಷ ದಾಟಿದ್ದರೆ ಎಷ್ಟೇ ಹೊಸದಾಗಿ ಕಂಡರೂ ಬದಲಿಸಿ.

ಬಾಗಿಲು ಸಿಕ್ಕಿಕೊಳ್ಳುವುದು, ಕಪಾಟು ಸಡಿಲವಾಗುವುದು

ಪ್ರಯಾಣದಲ್ಲಿ ಸರಿಯಿದ್ದ ಬಾಗಿಲು ಬೀಡುಬಿಟ್ಟ ಮೇಲೆ ಸಿಕ್ಕಿಕೊಂಡರೆ, ಮೂಲೆಯ ಆನಿಕೆ ಜಾಕ್‌ಗಳಿಂದ ಟ್ರೇಲರನ್ನು ಎತ್ತಿ ಚಾಸಿ ತಿರುಚಿದ್ದೀರಿ. ಅವು ಎತ್ತಲು ಅಲ್ಲ, ಅಲ್ಲಾಡದಂತೆ ಹಿಡಿಯಲು. ಮೊದಲು ಚಕ್ರದ ಕೆಳಗೆ ಹಲಗೆ ಇಟ್ಟು ಎಡಬಲ ಮಟ್ಟ ಮಾಡಿ, ಮೂಗಿನ ಜಾಕ್‌ನಿಂದ ಹಿಂದುಮುಂದು ಮಟ್ಟ ಮಾಡಿ, ಕೊನೆಗೆ ಆನಿಕೆಗಳನ್ನು ನೆಲಕ್ಕೆ ಮುಟ್ಟಿಸಿ ಸ್ವಲ್ಪವೇ ಬಿಗಿಯಿರಿ. ಎಲ್ಲಿ ನಿಂತರೂ ಬಾಗಿಲು ಸಿಕ್ಕಿಕೊಂಡರೆ ಕಿಟಕಿ ಕತ್ತರಿಸುವಾಗ ಪಕ್ಕೆ ಕತ್ತರಿಸಿರಬಹುದು. ಅಲ್ಲಿ ಮೇಲೆ ಕೆಳಗೆ ಅಡ್ಡಪಟ್ಟಿ ಬೆಸೆದು ಭಾರವನ್ನು ಪಕ್ಕದ ಪಕ್ಕೆಗಳಿಗೆ ದಾಟಿಸಬೇಕು.

ಕಪಾಟಿನ ಸ್ಕ್ರೂ ಮತ್ತೆ ಮತ್ತೆ ಸಡಿಲವಾದರೆ ಅದು ತೆಳು ಪ್ಲೈವುಡ್‌ಗೆ ಮಾತ್ರ ಕಚ್ಚಿದೆ. ಪಕ್ಕೆಯೊಳಗೆ ರಿವೆಟ್ ನಟ್ (ತೂತಿನಲ್ಲಿ ಕಚ್ಚಿ ಕೂರುವ ಮರೆಯಿರುವ ನಟ್) ಕೂರಿಸಿ 6 ಮಿ.ಮೀ. ಬೋಲ್ಟ್ ಹಾಕಿ.

ನೀರಿನ ಪಂಪು

ನಲ್ಲಿ ಮುಚ್ಚಿದ್ದರೂ ಪಂಪು ಆಗಾಗ ಒಂದು ಕ್ಷಣ ಓಡಿ ನಿಲ್ಲುತ್ತಿದ್ದರೆ ಪಂಪಿನಿಂದ ನಲ್ಲಿಯವರೆಗೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪಂಪಿನೊಳಗಿನ ಹಿಂದಿರುಗದ ಕವಾಟದಲ್ಲಿ ಕಸ ಸಿಕ್ಕಿದೆ. ಪ್ರತಿ ಜೋಡಣೆಗೂ ಒಣ ಕಾಗದ ಸುತ್ತಿ ಅರ್ಧ ಗಂಟೆ ಬಿಟ್ಟು ನೋಡಿ. ಒದ್ದೆಯಾದ ಕಾಗದ ಜಾಗ ಹೇಳುತ್ತದೆ. ಪಂಪು ಓಡುತ್ತಲೇ ಇದ್ದು ನೀರು ಬಾರದಿದ್ದರೆ ತೊಂದರೆ ಟ್ಯಾಂಕಿನ ಕಡೆ: ಫಿಲ್ಟರ್ ಬಟ್ಟಲಿನ ಓ-ರಿಂಗ್ ಗಾಳಿ ಎಳೆಯುತ್ತಿದೆ, ಅಥವಾ ಟ್ಯಾಂಕಿಗೆ ಗಾಳಿ ಒಳಬರುವ ತೂತು ಕಟ್ಟಿದೆ. ಟ್ಯಾಂಕಿನ ಮುಚ್ಚಳ ಸಡಿಲಿಸಿದ ಕೂಡಲೇ ನೀರು ಬಂದರೆ ಎರಡನೆಯದೇ. ಹೆಪ್ಪುಗಟ್ಟುವ ಚಳಿಯಲ್ಲಿ ನಿಲ್ಲಿಸಿಟ್ಟ ಟ್ರೇಲರ್‌ನಲ್ಲಿ ಫಿಲ್ಟರ್ ಬಟ್ಟಲು ಬಿರುಕು ಬಿಟ್ಟಿದೆಯೇ ಎಂದು ಮೊದಲೇ ನೋಡಿ, ನೀರು ಬಸಿಯದಿದ್ದರೆ ಮೊದಲು ಒಡೆಯುವುದು ಅದೇ.